ಹೇಳಿಕೊಟ್ಟ ನೆಂಟಸ್ತನ

ಬಡಗಿ ಬಾಗಿಲಿನ ಮೇಲಿನ ಕೀಲಿನ ಸ್ಕ್ರೂಗಳನ್ನು ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡು ಕೆಳಗಿನದಕ್ಕೆ ಬಗ್ಗಿದ್ದ. ಬಾಗಿಲು ವಾಲದಂತೆ ಕಂಡಕ್ಟರ್ ಅದನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದ.

"ನಿನ್ನೆ ಟೇಪು ಹಿಡ್ಕೊಂಡು ಬಂದೋನು ನೀನೇ ಅಲ್ವೇನೋ?"

"ಅತ್ತೆ ಅಳತೆ ತಗೊಂಡೆ. ಬಾಗಿಲಿಗೆ ಪೆಟ್ಟಿಗೆ ಮಾಡು ಅಂತ ಯಾರೂ ಹೇಳ್ಲಿಲ್ವಲ್ಲ" ಎಂದು ಬಡಗಿ ಸ್ಕ್ರೂಗಳ ಸಂದಿಯಿಂದಲೇ ಉತ್ತರ ಕೊಟ್ಟ.

ಪೆಟ್ಟಿಗೆ ಹೊರಗೆ ಓಣಿಯಲ್ಲಿ ಎರಡು ಸ್ಟೂಲುಗಳ ಮೇಲೆ ಕೂತಿತ್ತು. ಹಲಗೆಗಳನ್ನು ಉಜ್ಜಿ ಉಜ್ಜಿ ನುಣುಪು ಮಾಡಿದ್ದ. ಆದರೆ ಆ ಮನೆಯ ಬಾಗಿಲು ಎಷ್ಟು ಕಿರಿದು ಎನ್ನುವುದು, ಅದರಲ್ಲಿ ಚಿಕ್ಕಂದಿನಿಂದ ನುಸುಳಿ ಓಡಾಡಿದವನಿಗೇ ಹೊಳೆದಿರಲಿಲ್ಲ. ಒಳಗೆ ಮಂಚದ ಮೇಲೆ ಅತ್ತೆ ಮಲಗಿದ್ದಳು. ಹಿಂದಿನ ದಿನ ಸಂಜೆ ಕುರ್ಚಿಯಲ್ಲಿ ಕೂತವಳು ಕೂತಂತೆಯೇ ಹೋಗಿದ್ದಳು. ವಯಸ್ಸಾಗಿತ್ತು. ಯಾರಿಗೂ ತೊಂದರೆ ಕೊಡಲಿಲ್ಲ ಎಂದು ಬಂದವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ಓಣಿಯಲ್ಲಿ ಎಲ್ಲರಿಗೂ ಅವಳು ಅತ್ತೆಯೇ. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಕಂಡಕ್ಟರ್ ಒಬ್ಬನಿಗೆ. ಅವನ ಅಪ್ಪನ ಅಕ್ಕ ಅವಳು. ಊರಿನ ಬಸ್ಸುಗಳಲ್ಲಿ ಟಿಕೆಟು ಹರಿದು ತಲೆ ನರೆತ ಈ ಮನುಷ್ಯನಿಗೆ, ಮಂದಿಯೆಲ್ಲ ತನ್ನ ಅತ್ತೆಯನ್ನು ಹಂಚಿಕೊಂಡುಬಿಟ್ಟರಲ್ಲ ಎಂಬ ಸಣ್ಣ ಮುನಿಸು ಮೊದಲಿನಿಂದಲೂ ಇತ್ತು.

ಓಣಿಯ ತುದಿಯಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಹೆಂಗಸೊಬ್ಬಳು ಕಾಣಿಸಿದಳು. ಮನೆ ಯಾವುದೆಂದು ಯಾರನ್ನೂ ಕೇಳದೆ ನೇರ ಬಂದಳು. ಕಂಡಕ್ಟರನಿಗೆ ಗುರುತು ಹತ್ತಲಿಲ್ಲ. ಬಡಗಿ ಸ್ಕ್ರೂಗಳನ್ನು ಅಂಗೈಗೆ ಉಗುಳಿ, "ಮೊಳೆ ಬಂದ್ಳು" ಎಂದ. ಕಂಡಕ್ಟರನ ಹಿಡಿತ ಸಡಿಲಾಗಿ ಬಾಗಿಲು ಬಡಗಿಯ ಬೆನ್ನಿಗೆ ಬಿತ್ತು.

ಈ ಮನೆಯಲ್ಲಿ ಕೂತು ಬ್ರಷ್ ಕೆಲಸ ಮಾಡಿದ ಮಕ್ಕಳಲ್ಲೆಲ್ಲ ಅವಳೇ ಚಿಕ್ಕವಳು. ಬ್ರಷ್ಷಿನ ಬೆನ್ನಿಗೆ ಬಡಿಯುವ ಮೊಳೆಗಳನ್ನು ಉಳಿದವರಿಗೆ ಎತ್ತಿಕೊಡುವುದು ಅವಳ ಮೊದಲ ಕೆಲಸವಾದ್ದರಿಂದ ಆ ಹೆಸರು ಬಿದ್ದಿತ್ತು. ಈಗ ದೂರದ ಊರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಒಬ್ಬರನ್ನೂ ಬಿಡದೆ ಎಲ್ಲರ ಜೊತೆ ಮಾತು ಉಳಿಸಿಕೊಂಡಿದ್ದವನು ಬಡಗಿ. ಹಿಂದಿನ ದಿನ ಅವನು ಫೋನ್ ಮಾಡಿದಾಗ ಬರುವುದಿಲ್ಲ ಎಂದಿದ್ದಳು. ಆಮೇಲೆ ರಜೆ ಹಾಕಿ ಮೊದಲ ಬಸ್ಸಿಗೇ ಹೊರಟಿದ್ದಳು.

ಅವಳು ಒಳಗೆ ಹೋಗಿ ಮುಖ ನೋಡಿ ಹೊರಗೆ ಬಂದಳು. ಅಳಲಿಲ್ಲ. ಗೋಡೆಯ ಬದಿಗೆ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಧ್ಯಾಹ್ನ ವಾಪಸು ಬಸ್ಸು ಯಾವಾಗ ಎಂದು ಕೇಳಿದಳು. ಆ ಪ್ರಶ್ನೆಗೆ ಕಂಡಕ್ಟರ್ ಯೋಚಿಸುವ ಅಗತ್ಯವೇ ಇರಲಿಲ್ಲ, ಹೇಳಿದ. ಆದರೆ ಅವಳು ಅಷ್ಟು ದೂರ ಬಂದದ್ದು ಬೇರೊಂದು ಮಾತು ಕೇಳಲು. ಅದಕ್ಕೆ ಉತ್ತರ ಕೊಡಬಲ್ಲವರು ಇಬ್ಬರೇ. ಒಬ್ಬಳು ಮಂಚದ ಮೇಲೆ ಮಲಗಿದ್ದಳು. ಇನ್ನೊಬ್ಬ ಬಾಗಿಲು ಹಿಡಿದು ನಿಂತಿದ್ದ.

*

ಆಗಿನ ಕಾನೂನು ಕಾರ್ಖಾನೆಯ ಬಾಗಿಲಿನವರೆಗೆ ಬಂದು ನಿಂತಿತ್ತು. ಶೆಡ್ಡಿನಲ್ಲಿ ಮಕ್ಕಳನ್ನು ಕೂರಿಸಿದರೆ ಜುಲ್ಮಾನೆ, ಮತ್ತೆ ಸಿಕ್ಕಿಬಿದ್ದರೆ ಜೈಲು. ಆದರೆ ಸ್ವಂತ ಮನೆಯೊಳಗೆ, ಸ್ವಂತ ಬಳಗದ ಮಕ್ಕಳು ದೊಡ್ಡವರ ಕೆಲಸಕ್ಕೆ ಕೈಜೋಡಿಸಿದರೆ ತಪ್ಪಿಲ್ಲ ಎಂದೂ ಅದರಲ್ಲೇ ಬರೆದಿತ್ತು. ಬ್ರಷ್ ಕಾರ್ಖಾನೆಯ ಮಾಲೀಕ ಓದಿದವನಲ್ಲ, ಆದರೆ ತನಗೆ ಬೇಕಾದ ಸಾಲನ್ನು ಯಾರಿಂದಲೋ ಓದಿಸಿಕೊಂಡಿದ್ದ. ಶೆಡ್ಡಿಗೆ ಬೀಗ ಹಾಕಿ, ಹಲಗೆ, ನಾರು, ತಂತಿ ಎಲ್ಲವನ್ನೂ ಈ ಮನೆಗೆ ಸಾಗಿಸಿದ. ಬೀದಿಯಿಂದ ಒಳಗಿನದು ಕಾಣದಿರಲೆಂದು ಬಾಗಿಲನ್ನು ಕಿರಿದು ಮಾಡಿಸಿದ. ಗಂಡ ಸತ್ತು ತಮ್ಮನ ಹಂಗಿನಲ್ಲಿದ್ದ, ಬ್ರಷ್ ಕೆಲಸದಲ್ಲಿ ಪಳಗಿದ ಹೆಂಗಸನ್ನು ತಂದು ಮನೆಯೊಡತಿ ಎಂದು ಕೂರಿಸಿದ. ಆಮೇಲೆ ಓಣಿಯ ಮಕ್ಕಳನ್ನೆಲ್ಲ ಅವಳಿಗೆ ನೆಂಟರನ್ನಾಗಿ ಮಾಡಿದ.

ಮೊದಲ ದಿನವೇ ಪಾಠ. ಈಯಮ್ಮ ನಿನಗೇನಾಗಬೇಕು? ಅತ್ತೆ. ಹೇಗೆ ಅತ್ತೆ? ನಮ್ಮಪ್ಪನ ಅಕ್ಕ. ತಡವರಿಸಿದರೆ ಇನ್ನೊಮ್ಮೆ.

ಕೆಲಸ ನೋಡಲು ಸುಲಭ. ಮರದ ಹಲಗೆಯಲ್ಲಿ ಸಾಲು ಸಾಲು ತೂತುಗಳು. ಒಂದು ಚಿಟಿಕೆ ನಾರನ್ನು ನಡುವೆ ಮಡಚಿ, ಹಿಂದಿನಿಂದ ಬಂದ ತಂತಿಯ ಕುಣಿಕೆಗೆ ಸಿಕ್ಕಿಸಿ ಜಗ್ಗಿದರೆ ಅದು ತೂತಿನೊಳಗೆ ಕೂರುತ್ತದೆ. ಸಡಿಲವಾಗಿ ಜಗ್ಗಿದರೆ ನಾರು ಉದುರುತ್ತದೆ. ಬಿಗಿಯಾಗಿ ಜಗ್ಗಿದರೆ ತಂತಿ ತೋರುಬೆರಳಿನ ಗೆಣ್ಣಿಗೆ ಇಳಿಯುತ್ತದೆ. ಮಕ್ಕಳು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಬಟ್ಟೆ ಸುತ್ತಿದರೆ ಕೈ ನಿಧಾನವಾಗುತ್ತದೆಂದು ಮಾಲೀಕ ಬಿಚ್ಚಿಸುತ್ತಿದ್ದ.

ಹಳೆಯ ಇನ್ಸ್‌ಪೆಕ್ಟರ್ ವರ್ಷಕ್ಕೊಮ್ಮೆ ಬಂದು ಚಹಾ ಕುಡಿದು ಮಕ್ಕಳ ತಲೆ ಎಣಿಸುತ್ತಿದ್ದ. ಒಮ್ಮೆ, "ನಿನಗೆ ತಮ್ಮಂದಿರು ಎಷ್ಟು ಜನಮ್ಮಾ?" ಎಂದು ಕೇಳಿದ. "ನಮ್ಮಪ್ಪ ಸುಮ್ನೆ ಕೂತೋನಲ್ಲ ಸಾರ್" ಎಂದಳು ಅತ್ತೆ. ಇನ್ಸ್‌ಪೆಕ್ಟರ್ ನಗುತ್ತಾ ಎದ್ದು ಹೋದ. ಮಾಲೀಕ ಆ ಮಾತನ್ನು ಎಷ್ಟೋ ದಿನ ಹೇಳಿಕೊಂಡು ತಿರುಗಿದ.

ಸಂಜೆಯಾದರೆ ಮಕ್ಕಳು ತಮ್ಮ ತಮ್ಮ ಮನೆಗೆ ಓಡುತ್ತಿದ್ದರು. ಅಲ್ಲಿ ಅಪ್ಪ ಅಮ್ಮ ಇದ್ದರು. ಹಗಲಿನ ಅತ್ತೆ ಬಾಯಿಪಾಠದ ಅತ್ತೆ ಎಂಬುದು ಅವರಿಗೆ ತಿಳಿದಿತ್ತು. ಮೊಳೆಗೆ ಹೋಗಲು ಮನೆ ಇರಲಿಲ್ಲ. ಅವಳ ಅಮ್ಮ ಎಲ್ಲೋ ದೂರದ ಕೆಲಸಕ್ಕೆ ಹೋಗುವಾಗ, ಬಂದು ಕರೆದುಕೊಂಡು ಹೋಗುತ್ತೇನೆಂದು ಮಾಲೀಕನ ಬಳಿ ಬಿಟ್ಟುಹೋದವಳು ತಿರುಗಿ ಬರಲಿಲ್ಲ. ಲಂಗದ ಲಾಡಿ ಕಟ್ಟಿಕೊಳ್ಳಲು ಬಾರದ ವಯಸ್ಸು. ಅದೇ ಮನೆಯಲ್ಲಿ, ನಾರಿನ ಮೂಟೆಗಳ ಪಕ್ಕ, ಅತ್ತೆಯ ಮಗ್ಗುಲಲ್ಲೇ ಮಲಗುತ್ತಿದ್ದಳು. ಹೇಳಿಕೊಟ್ಟದ್ದು ಸುಳ್ಳು ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಹೀಗಾಗಿ ಅವಳು ನಂಬಿದಳು.

"ನಮ್ಮಪ್ಪ ನಿನಗೆ ಎಷ್ಟನೇ ತಮ್ಮ?" ಎಂದು ಒಮ್ಮೆ ಕೇಳಿದ್ದಳು.

"ಕೊನೇಯವನು" ಎಂದು ಅತ್ತೆ ದೀಪ ಆರಿಸಿದ್ದಳು.

*

ಎದುರು ಮನೆಯ ಮುದುಕಿ ಕೋಲೂರಿಕೊಂಡು ಬಂದು ಮೊಳೆಯ ಪಕ್ಕ ಕೂತಳು. ಅವಳ ಇಬ್ಬರು ಹೆಣ್ಣುಮಕ್ಕಳೂ ಇಲ್ಲಿ ತಂತಿ ಜಗ್ಗಿದವರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಶುರು ಮಾಡಿ ಕೆಟ್ಟದ್ದನ್ನೇ ಆಡಿದಳು. ಆ ದಿನ ಅತ್ತೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆ ವರ್ಷ ತನ್ನ ಮನೆಯಲ್ಲಿ ಒಂದೇ ಹೊತ್ತು ಒಲೆ ಉರಿದದ್ದು. ಕಾನೂನಿನವರು ಮಕ್ಕಳನ್ನು ಎಬ್ಬಿಸಿಕೊಂಡು ಹೋದರು, ಹೊಟ್ಟೆಯನ್ನು ಇಲ್ಲೇ ಬಿಟ್ಟು ಹೋದರು. ಊಟಕ್ಕೆಂದು ಏನಾದರೂ ಕೊಡಬೇಕು ಎಂಬ ಬುದ್ಧಿ ಸರಕಾರಕ್ಕೆ ಬಂದದ್ದು ಮರುವರ್ಷ.

"ಮತ್ತೆ ನಿನ್ನ ದೊಡ್ಡ ಮಗಳು ಈಗ ಸ್ಕೂಲಲ್ಲಿ ಟೀಚರಲ್ವಾ ಅಜ್ಜಿ?" ಎಂದ ಬಡಗಿ, ಬಾಗಿಲನ್ನು ಗೋಡೆಗೆ ಒರಗಿಸುತ್ತಾ.

"ಅದು ಬೇರೆ ಮಾತು" ಎಂದಳು ಮುದುಕಿ. ಕೋಲನ್ನು ಅವನ ಕಡೆ ತಿರುಗಿಸಿ, "ನಿನ್ನ ಬೆರಳು ಹೇಗಿದೆಯೋ?" ಎಂದಳು.

ಬಡಗಿ ಬಲಗೈಯ ತೋರುಬೆರಳನ್ನು ಎತ್ತಿ ತೋರಿಸಿದ. ಅದು ಮಡಚುವುದಿಲ್ಲ. ಗೆರೆ ಎಳೆಯುವುದಕ್ಕೆ ಇಷ್ಟು ಒಳ್ಳೆಯ ಸಾಮಾನು ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ನಕ್ಕ.

ಪೆಟ್ಟಿಗೆ ಒಳಗೆ ಹೋಯಿತು. ಕಂಡಕ್ಟರನ ಹೆಂಡತಿ ಅತ್ತೆಯ ಕೂದಲು ಬಾಚಿದಳು. ಅವಳದು ನೇರ ಬಾಯಿ, ಚುರುಕು ಕೈ. ನೋಡುತ್ತಾ ನಿಂತವರಿಗೆಲ್ಲ ಒಂದೊಂದು ಕೆಲಸ ಹಂಚಿ, ಕೊನೆಗೆ ಮೊಳೆಗೂ ಸೆರಗು ಸರಿಮಾಡಲು ಹೇಳಿದಳು. ಮೊಳೆ ಸೆರಗು ಸರಿಮಾಡಿದಳು. ಅತ್ತೆಯ ಕೈಗಳನ್ನು ಮುಟ್ಟುವ ಸಂದರ್ಭ ಬಂದಾಗ ಮಾತ್ರ ಹಿಂದೆ ಸರಿದಳು.

ಕಂಡಕ್ಟರ್ ನೀರಿನ ಬಿಂದಿಗೆ ತರಲು ಹಿತ್ತಿಲಿಗೆ ಹೋದಾಗ ಅವಳು ಹಿಂದೆಯೇ ಹೋದಳು.

"ಆ ದಿನ ಅವರು ನನ್ನ ಬಗ್ಗೆ ಹೇಳಿದ್ರಲ್ಲ. ಅದು ಮನಸ್ಸಿಂದ ಹೇಳಿದ್ದಾ?"

ಕಂಡಕ್ಟರ್ ನಲ್ಲಿ ತಿರುಗಿಸಿದ. ಬಿಂದಿಗೆ ತುಂಬಿ ಹರಿಯುವವರೆಗೂ ನೋಡುತ್ತಾ ನಿಂತ.

"ಪೆಟ್ಟಿಗೆ ಮುಚ್ಚೋ ಹೊತ್ತಲ್ಲಿ ಕೇಳ್ತೀಯಲ್ಲ ತಾಯಿ" ಎಂದು ಬಿಂದಿಗೆ ಎತ್ತಿಕೊಂಡು ಹೋದ.

*

ಹಳೆಯ ಇನ್ಸ್‌ಪೆಕ್ಟರಿಗೆ ವರ್ಗವಾಗಿ ಅವನ ಜಾಗಕ್ಕೆ ಹೆಂಗಸೊಬ್ಬಳು ಬಂದಿದ್ದಳು. ಚಹಾ ಬೇಡವೆಂದಳು. ಕುರ್ಚಿಯನ್ನೂ ಬೇಡವೆಂದು ಮಕ್ಕಳ ಎತ್ತರಕ್ಕೆ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತಳು. ಬಾಗಿಲಲ್ಲಿ ಮಾಲೀಕನೂ ಅತ್ತೆಯ ತಮ್ಮನೂ ನಿಂತಿದ್ದರು.

ಮೊದಲು ಸಿಕ್ಕವನು ಈಗ ಬಡಗಿಯಾಗಿರುವ ಹುಡುಗ. ತಂತಿ ಇಳಿದ ಗಾಯಕ್ಕೆ ಕೀವು ತುಂಬಿ ಬೆರಳು ಊದಿಕೊಂಡಿತ್ತು. ಡಾಕ್ಟರ ಹತ್ತಿರ ಹೋಗಬೇಕೆಂದು ಅತ್ತೆ ಹೇಳಿದ್ದಳು, ಈ ಆರ್ಡರ್ ಮುಗಿಯಲಿ ಎಂದು ಮಾಲೀಕ ಹೇಳಿದ್ದ. ಇನ್ಸ್‌ಪೆಕ್ಟರಮ್ಮ ಆ ಬೆರಳನ್ನು ನೋಡುತ್ತಾ, ಇವರು ನಿನಗೇನಾಗಬೇಕು ಎಂದಳು. ಹುಡುಗ ನೋವಿನಲ್ಲೂ ಪಾಠ ತಪ್ಪಲಿಲ್ಲ. ಅತ್ತೆ, ನಮ್ಮಪ್ಪನ ಅಕ್ಕ ಎಂದ.

"ಅಲ್ಲ" ಎಂದಳು ಅತ್ತೆ.

ಮಾಲೀಕ ಕೆಮ್ಮಿದ. ಅತ್ತೆ ಆ ಕಡೆ ನೋಡಲಿಲ್ಲ. "ಇವನು ನನಗೆ ಏನೂ ಆಗ್ಬೇಕಿಲ್ಲ. ಕೂಲಿಗೆ ಕೂರಿಸಿದ್ದು" ಎಂದಳು. ಆಮೇಲೆ ಸಾಲಿನ ಉದ್ದಕ್ಕೂ ಅದನ್ನೇ ಹೇಳುತ್ತಾ ಹೋದಳು. ಇವಳಲ್ಲ. ಇವನಲ್ಲ. ಈಗ ಕಂಡಕ್ಟರಾಗಿರುವ ತಮ್ಮನ ಮಗನ ಸರದಿ ಬಂದಾಗ ಮಾತ್ರ, ಇವನು ಹೌದು ಎಂದಳು.

ಕೊನೆಯಲ್ಲಿ ಕೂತ ಮೊಳೆ ತನ್ನ ಸರದಿಗೆ ಕಾಯುತ್ತಿದ್ದಳು. ಉಳಿದವರೆಲ್ಲ ಉತ್ತರ ತಪ್ಪು ಮಾಡಿದರೆಂದೇ ಅವಳ ಲೆಕ್ಕ. ಕೇಳುವ ಮೊದಲೇ ಎದ್ದು ನಿಂತು, ಇವರು ನಮ್ಮತ್ತೆ ಎಂದು ಗಟ್ಟಿಯಾಗಿ ಹೇಳಿದಳು. ಅತ್ತೆ ಅವಳ ಕೂದಲಿಗೆ ಅಂಟಿದ ನಾರನ್ನು ಒಂದೊಂದಾಗಿ ಬಿಡಿಸಿದಳು.

"ಇವಳೂ ಅಲ್ಲ. ಇವಳು ನನ್ನವಳಲ್ಲ. ಯಾರ ಮಗುವೋ ನನಗೆ ಗೊತ್ತಿಲ್ಲ."

ಮಕ್ಕಳನ್ನು ವ್ಯಾನಿಗೆ ಹತ್ತಿಸಿದರು. ಮನೆಯಿದ್ದವರು ಸ್ವಲ್ಪ ದಿನಕ್ಕೆ ಮನೆಗೆ, ಅಲ್ಲಿಂದ ಶಾಲೆಗೆ ಬಂದರು. ಮೊಳೆ ಸರಕಾರದ ಮಕ್ಕಳ ಮನೆಯಲ್ಲೇ ಉಳಿದು ಬೆಳೆದಳು. ಊಟ, ಪಾಠ, ಮಂಚ, ಎಲ್ಲ ಇತ್ತು. ವ್ಯಾನಿನ ಹಿಂದಿನ ಗಾಜಿನಿಂದ ಅವಳು ನೋಡಿದಾಗ ಅತ್ತೆ ಹೊರಗೆ ಬಂದಿರಲಿಲ್ಲ.

*

ಮುನಿಸಿಪಾಲಿಟಿಯ ವ್ಯಾನು ಓಣಿಯೊಳಗೆ ಬರಲಾಗದೆ ಬೀದಿಯಲ್ಲೇ ನಿಂತಿತು. ಪೆಟ್ಟಿಗೆಯನ್ನು ಆರು ಜನ ಹೊತ್ತರು. ಎಲ್ಲರೂ ಒಂದು ಕಾಲಕ್ಕೆ ಆ ಮನೆಯಲ್ಲಿ ತಂತಿ ಜಗ್ಗಿದವರೇ. ಡ್ರೈವರ್ ಹಿಂದಿನ ಬಾಗಿಲು ತೆಗೆದು, ಪೆಟ್ಟಿಗೆಯ ಅಕ್ಕಪಕ್ಕ ಎರಡೇ ಸೀಟು ಇರುವುದು, ಮನೆಯವರು ಇಬ್ಬರು ಹತ್ತಿ, ಉಳಿದವರು ಹಿಂದಿನಿಂದ ಬನ್ನಿ ಎಂದ.

ಕಂಡಕ್ಟರ್ ಹತ್ತಿದ. ಇನ್ನೊಂದು ಸೀಟು ಅವನ ಹೆಂಡತಿಯದು ಎಂದು ಎಲ್ಲರೂ ದಾರಿ ಬಿಟ್ಟರು. ಅವಳು ಕಾಲು ಎತ್ತಿದವಳು ಇಳಿಸಿದಳು.

"ನನಗೆ ಹಿಂದೆ ಕೂತ್ರೆ ವಾಂತಿ ಬರುತ್ತೆ" ಎಂದಳು. ಮೊಳೆಯ ತೋಳು ಹಿಡಿದು, "ನೀನು ಹತ್ತಮ್ಮ" ಎಂದಳು.

ಅವಳು ಬಸ್ಸಿನ ಕಡೆಯ ಸೀಟಿನಲ್ಲಿ ಕೂತು ದಿನವಿಡೀ ಪ್ರಯಾಣ ಮಾಡಿ, ಇಳಿದ ಕೂಡಲೇ ಅಡುಗೆ ಮಾಡಿ ಬಡಿಸಬಲ್ಲವಳು ಎಂಬುದು ಕಂಡಕ್ಟರನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮೊಳೆ ತಾನು ಮನೆಯವಳಲ್ಲ ಎಂದು ಹಿಂಜರಿದಳು. ಡ್ರೈವರಿಗೆ ಇನ್ನೂ ಬೇರೆ ಕಡೆ ಹೋಗುವುದಿತ್ತು. ಯಾರಾದರೂ ಒಬ್ಬರು ಬೇಗ ಹತ್ತಿ ಎಂದ. ಅವಳು ಹತ್ತಿದಳು. ಬಾಗಿಲು ಮುಚ್ಚಿತು.

ಪೆಟ್ಟಿಗೆಯ ಆ ಕಡೆ ಅವನು, ಈ ಕಡೆ ಅವಳು. ವ್ಯಾನು ಹಳೆಯದು. ಕುಲುಕಿದಾಗಲೆಲ್ಲ ಇಬ್ಬರೂ ಪೆಟ್ಟಿಗೆಯ ಮೇಲೆ ಕೈ ಇಡುತ್ತಿದ್ದರು.

"ನನ್ನ ಸರದಿ ನಿನಗಿಂತ ಮೊದಲೇ ಬಂದಿತ್ತು" ಎಂದ ಕಂಡಕ್ಟರ್. "ಎಲ್ಲರನ್ನೂ ಅಲ್ಲ ಅಂದ್ಳು, ನನ್ನ ಮಾತ್ರ ಹೌದು ಅಂದ್ಳು. ನನಗೆ ಎಷ್ಟು ಜಂಬ ಬಂತು ಗೊತ್ತಾ? ಆಮೇಲೆ ನೀವೆಲ್ಲ ವ್ಯಾನ್ ಹತ್ತಿದ್ರಿ. ನಾನು ಹಲಗೆ ಹತ್ರ ಉಳ್ಕೊಂಡೆ."

ಮೊಳೆ ತಲೆ ಎತ್ತಿ ನೋಡಿದಳು. ಅವನು ಉಳಿದದ್ದು ಅವಳಿಗೆ ನೆನಪಿತ್ತು. ಅದನ್ನು ಅವಳು ಇಷ್ಟು ವರ್ಷ ಅವನ ಅದೃಷ್ಟ ಎಂದೇ ತಿಳಿದಿದ್ದಳು.

ಅವನು ಬಸ್ಸಿನಲ್ಲಿ ನಿಲ್ದಾಣಗಳ ಹೆಸರು ಹೇಳುವ ದನಿಯಲ್ಲೇ ಉಳಿದದ್ದನ್ನು ಹೇಳಿದ. ಮನೆಯೊಡತಿ ಅವಳೇ ಎಂದಿದ್ದರಿಂದ ಅತ್ತೆಗೇ ಶಿಕ್ಷೆಯಾಯಿತು, ಕೆಲವು ತಿಂಗಳು ಒಳಗಿದ್ದು ಬಂದಳು. ಅಷ್ಟರಲ್ಲಿ ಮಾಲೀಕ ಹಲಗೆ ತಂತಿಗಳನ್ನು ಅಪ್ಪನ ಮನೆಗೆ ಸಾಗಿಸಿದ್ದ. ಅಪ್ಪ ಮಗನನ್ನು ಕೂರಿಸಿದ. ಇನ್ಸ್‌ಪೆಕ್ಟರಮ್ಮ ಬಂದಳು. ನನ್ನ ಮನೆ, ನನ್ನ ಮಗ ಎಂದ ಅಪ್ಪ. ಅದು ನಿಜವೇ ಆಗಿತ್ತು. ಅವಳು ಬಂದ ದಾರಿಯಲ್ಲೇ ಹೋದಳು. ಅತ್ತೆ ಅವಳ ಆಫೀಸಿಗೆ ಹೋಗಿ, ಸ್ವಂತ ಮಗು ಅಂದ್ರೆ ತಂತಿ ಕುಯ್ಯಲ್ವಾ ಎಂದು ಕೇಳಿದಳು. ಕಾನೂನು ತಿದ್ದುವವರ ಮುಂದೆ ಬಂದು ಇದನ್ನೇ ಹೇಳು ಎಂದು ಇನ್ಸ್‌ಪೆಕ್ಟರಮ್ಮ ಕರೆಸಿದಳು.

"ದೊಡ್ಡ ಮೇಜು. ಅತ್ತೆ ನನ್ನ ಕೈ ಎತ್ತಿ ಅದರ ಮೇಲಿಟ್ಳು, ತರಕಾರಿ ಇಟ್ಟ ಹಾಗೆ. ಅಲ್ಲಿದ್ದ ಒಬ್ರು ಕೇಳಿದ್ರು, ತಂದೆ ತಾಯಿ ಪ್ರೀತಿಗಿಂತ ದೊಡ್ಡ ಕಾವಲು ಕಾನೂನಿನಿಂದ ಆಗುತ್ತೇನಮ್ಮ ಅಂತ. ಪ್ರೀತಿ ಇದೆ ಸಾರ್, ಪ್ರೀತಿಯಿಂದಲೇ ಕೂರಿಸ್ತೀವಿ, ಅದಕ್ಕೇ ಬೇಡ ಅನ್ನೋಕೆ ಹೊರಗಿನವರು ಬೇಕು ಅಂದ್ಳು."

ಕಾನೂನು ಮನೆಯ ಹೊಸ್ತಿಲು ದಾಟಿ ಒಳಗೆ ಬರಲು ಎರಡು ವರ್ಷ ಹಿಡಿಯಿತು. ಸ್ವಂತ ಮಕ್ಕಳಾದರೂ ಅಂಥ ಕೆಲಸಕ್ಕೆ ಕೂರಿಸುವಂತಿಲ್ಲ ಎಂದಾಯಿತು. ಅಲ್ಲಿಯವರೆಗೆ ಅವನು ತಂತಿ ಜಗ್ಗಿದ. ಅಪ್ಪ ಸಾಯುವವರೆಗೂ ಅಕ್ಕನ ಜೊತೆ ಮಾತು ಬಿಟ್ಟಿದ್ದ.

"ನನ್ನೂ ಅಲ್ಲ ಅನ್ಬಾರದಿತ್ತಾ ಅಂತ ಒಂದ್ಸಲ ಕೇಳಿದೆ. ನಿಮ್ಮಪ್ಪ ಬಾಗಿಲಲ್ಲೇ ನಿಂತಿದ್ದನಲ್ಲೋ ಅಂದ್ಳು."

"ಅದು ನಿನ್ನ ಕತೆ" ಎಂದಳು ಮೊಳೆ. "ನನ್ನ ಬಾಗಿಲಲ್ಲಿ ಯಾರೂ ನಿಂತಿರ್ಲಿಲ್ಲ. ಹೌದು ಅಂದಿದ್ರೂ ಯಾರೂ ಕೇಳ್ತಿರ್ಲಿಲ್ಲ."

"ಅದನ್ನೇ ನಾನೂ ಕೇಳಿದ್ದು. ನೀವು ಹೋದ ಸಂಜೆ. ಮೊಳೆ ನಮ್ಮೋಳಲ್ವಾ ಅಂದೆ. ಕೆನ್ನೆಗೆ ಬಾರಿಸಿದ್ಳು. ಅದಕ್ಕೆ ಮುಂಚೆ ಯಾವತ್ತೂ ಕೈ ಎತ್ತಿದೋಳಲ್ಲ." ಅವನು ಕಿಟಕಿಯಾಚೆ ನೋಡಿದ. "ಆಮೇಲೆ ಅವಳೇ ಹೇಳಿದ್ಳು. ಹೌದು ಅಂದಿದ್ರೆ ಇಲ್ಲೇ ಇರ್ತಿದ್ಳು ಕಣೋ, ನಿನ್ನ ಥರ."

ವ್ಯಾನು ಒಂದು ಸಿಗ್ನಲ್ಲಿನಲ್ಲಿ ನಿಂತು ಮುಂದೆ ಹೋಯಿತು.

ತನ್ನನ್ನು ನೋಡಲು ಅತ್ತೆ ಯಾಕೆ ಬರಲಿಲ್ಲ ಎಂದು ಮೊಳೆ ಕೇಳಿದ್ದು ಆಮೇಲೆ. ಶಿಕ್ಷೆಯಾದವರನ್ನು ಮಕ್ಕಳ ಮನೆಯ ಗೇಟಿನೊಳಗೆ ಬಿಡುವುದಿಲ್ಲವಂತೆ ಎಂದ ಕಂಡಕ್ಟರ್. ಎರಡು ಸಲ ಹೋಗಿ ಗೇಟಿನಿಂದಲೇ ವಾಪಸು ಬಂದಿದ್ದಳಂತೆ. ಹುಡುಗಿ ದೊಡ್ಡವಳಾದ ಮೇಲೆ, ಈಗ ಹೋಗು ಎಂದು ಬಡಗಿ ಊರಿನ ಹೆಸರು ಸಮೇತ ಹೇಳಿದ್ದ. ನನ್ನವಳಲ್ಲ ಅಂದ ಬಾಯಿ ಇದು, ಯಾವ ಮುಖ ಇಟ್ಕೊಂಡು ಹೋಗ್ಲಿ ಎಂದು ಅಲ್ಲಿಗೇ ಬಿಟ್ಟಳು.

"ಹೋದ ವರ್ಷ ಅತ್ತೆಗೆ ಕೆಮ್ಮು ಹತ್ಕೊಂಡಿತ್ತು. ಇವಳು ಎಕ್ಸ್‌ರೇಗೆ ಕರ್ಕೊಂಡು ಹೋಗಿದ್ಳು, ನನ್ನ ಹೆಂಡ್ತಿ. ಅಲ್ಲಿಯ ಹುಡುಗ ಉಸಿರು ಬಿಗಿ ಹಿಡೀರಿ ಅಂತ ಹೇಳ್ಕೊಟ್ನಂತೆ. ಗೊತ್ತಪ್ಪಾ, ನಮ್ಮನೇಲೂ ಒಬ್ಳು ಇದೇ ಕೆಲಸದಲ್ಲಿದ್ದಾಳೆ ಅಂದ್ಳಂತೆ ಅತ್ತೆ."

"ನಮ್ಮನೇಲಿ ಅಂದ್ರಾ?"

"ಹಾಗೇ ಅಂದ್ಳಂತೆ. ನಮ್ಮೋರು ಯಾರಪ್ಪಾ ಅಂತ ಇವಳು ದಾರಿಯುದ್ದಕ್ಕೂ ಯೋಚ್ನೆ ಮಾಡ್ಕೊಂಡು ಬಂದಿದಾಳೆ. ಮನೆಗೆ ಬಂದು ನನ್ನ ಕೇಳಿದ್ಳು. ನಾನು ಹೇಳ್ದೆ."

ಸ್ಮಶಾನದ ರಸ್ತೆಗೆ ವ್ಯಾನು ಎಡಕ್ಕೆ ತಿರುಗಿತು. ತಿರುವು ಜೋರಾಗಿತ್ತು. ಪೆಟ್ಟಿಗೆ ಜಾರಿ ಮೊಳೆಯ ಕಡೆಗೆ ಬಂದು ಅವಳ ಮೊಣಕಾಲುಗಳಿಗೆ ತಾಗಿ ನಿಂತಿತು. ಕಂಡಕ್ಟರ್ ಬಗ್ಗಿ ಅಂಚು ಹಿಡಿದು ಅದನ್ನು ನಡುವಿಗೆ ಎಳೆದುಕೊಳ್ಳಲು ನೋಡಿದ.

"ಇರ್ಲಿ ಬಿಡು" ಎಂದಳು ಅವಳು.

ಅವನು ಕೈ ತೆಗೆದ. ಮುಂದೆ ರಸ್ತೆ ನೆಟ್ಟಗಿತ್ತು. ಅವಳು ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ, ಅಂಗೈಗಳನ್ನು ಮುಚ್ಚಳದ ಮೇಲಿಟ್ಟು, ಆ ಭಾರಕ್ಕೆ ಮೊಣಕಾಲು ಕೊಟ್ಟು ಕೂತಿದ್ದಳು.